ಜಾಗ್ವಾರ್ ಅಂಜಿನಯ್ಯನೂ ಬೆಂಜ್ ಮುನಿಯಪ್ಪನೂ

ಕಾಮಾಕ್ಷಿಪಾಳ್ಯದಲ್ಲಿ ಬರೀ ಅಂಜಿನಯ್ಯ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಾಗ್ವಾರ್ ಅಂಜಿನಯ್ಯ ಎಂದರೆ ಮಾತ್ರ ಮಾಗಡಿ ರಸ್ತೆಯ ಬಸ್‌ಸ್ಟಾಪಿನಲ್ಲಿ ಎಲೆಅಡಿಕೆ ಮಾರುವ ಮುದುಕಿಯೂ ಕೈಯೆತ್ತಿ, "ಕರಿಬಸಪ್ನೋರ ಮರದ ಮಿಲ್ಲಿನ ಹಿಂದ್ಗಡೆ ಹೋಗಪ್ಪ, ಅಲ್ಲಿ ಬೈಗುಳ ಕೇಳ್ಸುತ್ತಲ್ಲ, ಅದೇ ಷೆಡ್ಡು" ಎನ್ನುತ್ತಿದ್ದಳು. ಬೈಗುಳ ಅಂಜಿನಯ್ಯನದು. ಅದು ಹೋಗಿ ತಾಗಬೇಕಾದದ್ದು ಪಕ್ಕದ ಷೆಡ್ಡಿನಲ್ಲಿದ್ದ ಬೆಂಜ್ ಮುನಿಯಪ್ಪನಿಗೆ. ಇಬ್ಬರ ನಡುವೆ ಒಂದು ತಗಡಿನ ಗೋಡೆ. ಸಂಬಂಧದಲ್ಲಿ ಇಬ್ಬರೂ ಷಡ್ಡಕರು: ಅಂಜಿನಯ್ಯನ ಹೆಂಡತಿ ಶಿವಕ್ಕ, ಮುನಿಯಪ್ಪನ ಹೆಂಡತಿ ಲಿಂಗಮ್ಮ, ಒಂದೇ ತಾಯ ಮಕ್ಕಳು. ಅಕ್ಕತಂಗಿಯರು ದಿನವೂ ಸಾರು ಪಲ್ಯ ಹಂಚಿಕೊಂಡು ಉಣ್ಣುತ್ತಿದ್ದರೆ, ಗಂಡಂದಿರು ಏಳು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿ ಒಂದು ಮಾತಾಡಿರಲಿಲ್ಲ. ಎರಡು ಹಳೇ ಕಾರುಗಳ ಸಲುವಾಗಿ! ಅದೂ ಇವರ ಸ್ವಂತದ್ದಲ್ಲ, ಮಿಲ್ಲಿನ ಯಜಮಾನ ಕರಿಬಸಪ್ಪನವು. ಏನು ಹೇಳೋಣ ಇಂಥವರಿಗೆ?

ಅಂಜಿನಯ್ಯ ಹುಟ್ಟಿದ್ದು ಅಗ್ರಹಾರ ದಾಸರಹಳ್ಳಿಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಗ್ಯಾರೇಜು ಸೇರಿದ. ಆ ಗ್ಯಾರೇಜಿಗೆ ಚಿಕ್ಕಮಗಳೂರು ಕಡೆಯ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ಜಾಗ್ವಾರ್ ತರುತ್ತಿದ್ದ. ದೊರೆ ಊರು ಬಿಟ್ಟು ಹೋಗುವಾಗ, ೧೯೬೭ರಲ್ಲಿ, ಗಾಡಿಯನ್ನು ಅಲ್ಲೇ ಮಾರಲು ಬಿಟ್ಟು ಹೋದ. ಮರದ ವ್ಯಾಪಾರದಲ್ಲಿ ಆಗಷ್ಟೇ ಕೈತುಂಬ ಕಾಸು ಕಂಡಿದ್ದ ಕರಿಬಸಪ್ಪ ಅದನ್ನು ನೋಡಿ, ಅದರ ಉದ್ದ ಮೂತಿಗೆ ಮನಸೋತು ಕೊಂಡುಬಿಟ್ಟ. "ಇದನ್ನ ನೋಡ್ಕೊಳ್ಳೋರು ಯಾರಯ್ಯಾ?" ಎಂದು ಕೇಳಿದಾಗ, ಗ್ಯಾರೇಜಿನವನು ಗಾಡಿಯ ಜೊತೆ ಸ್ಟೆಪ್ನಿ ಕೊಟ್ಟ ಹಾಗೆ ಅಂಜಿನಯ್ಯನನ್ನೂ ಕಳಿಸಿಕೊಟ್ಟ.

ಅಲ್ಲಿಂದ ಹತ್ತೊಂಬತ್ತು ವರ್ಷ. ಮಿಲ್ಲಿನ ಹಿಂದಿನ ಷೆಡ್ಡು ಅಂಜಿನಯ್ಯನದಾಯಿತು. ಯಜಮಾನರ ಗಾಡಿ ನೋಡಿಕೊಳ್ಳುವುದು, ಉಳಿದ ಹೊತ್ತಿನಲ್ಲಿ ಹೊರಗಿನವರ ಅಂಬಾಸಿಡರು ಫಿಯೆಟ್ಟು ರಿಪೇರಿ ಮಾಡಿ ಹೊಟ್ಟೆ ಹೊರೆಯುವುದು. ಬಾಡಿಗೆಯಿಲ್ಲ, ಬೋರ್ಡಿಲ್ಲ. ಅವನ ಅನ್ನವೆಲ್ಲ ಆ ತಗಡಿನ ಸೂರಿನ ಕೆಳಗೇ ಬೇಯುತ್ತಿತ್ತು.

ಮುನಿಯಪ್ಪನನ್ನು ಅಲ್ಲಿಗೆ ಕರೆತಂದವನೂ ಇವನೇ. ಅದನ್ನು ನೆನೆದಾಗಲೆಲ್ಲ ಅಂಜಿನಯ್ಯ ತನ್ನ ಹಣೆ ತಾನೇ ಚಚ್ಚಿಕೊಳ್ಳುತ್ತಿದ್ದ. ೧೯೭೬ರಲ್ಲಿ ಕರಿಬಸಪ್ಪ ಮದರಾಸಿನಿಂದ ಒಂದು ಬೆಂಜ್ ತಂದಾಗ, "ನಮ್ಮ ಷಡ್ಡಕ ಇದಾನೆ ಯಜಮಾನ್ರೇ, ಕೆಂಗೇರಿ ಹುಡ್ಗ, ಕೈ ಚುರುಕು" ಎಂದು ತಾನೇ ಶಿಫಾರಸು ಮಾಡಿದ್ದ. ಹಾವಿಗೆ ಹಾಲೆರೆದ ಹಾಗಾಯಿತು ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ.

ಹಾವು ಕಚ್ಚಿದ್ದು ೭೯ರಲ್ಲಿ, ಮುನಿಯಪ್ಪನ ಮಗುವಿನ ನಾಮಕರಣದ ದಿನ. ಊಟ ಮುಗಿದು, ಎಲೆಅಡಿಕೆ ಹಾಕಿಕೊಂಡು, ಇಪ್ಪತ್ತು ಜನ ನೆಂಟರು ಜಮಖಾನದ ಮೇಲೆ ಕೂತಿದ್ದಾಗ ಯಾರೋ ಕೇಳಿದರು, ಎರಡರಲ್ಲಿ ಯಾವ ಗಾಡಿ ವಾಸಿ ಎಂದು. ಮುನಿಯಪ್ಪ ಸುಮ್ಮನಿರಬಾರದೇ? "ನಮ್ಮಣ್ಣನ ಗಾಡಿ ಚೆಂದ ಇದೆ ಬಿಡಿ. ನಿಂತಿದ್ರೆ ಇನ್ನೂ ಚೆಂದ" ಎಂದುಬಿಟ್ಟ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಜಿನಯ್ಯ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳಕ್ಕೆ ಉಗುಳಿ, ಮಗುವಿಗೆ ತಂದಿದ್ದ ಬೆಳ್ಳಿ ಉಡಿದಾರವನ್ನು ಜೇಬಿಗೆ ವಾಪಸು ಹಾಕಿಕೊಂಡು ಎದ್ದು ಬಂದ. ಉಡಿದಾರವನ್ನು ಶಿವಕ್ಕ ಕದ್ದು ಕೊಟ್ಟಳು, ಅದು ಬೇರೆ ಮಾತು.

ಅಂದಿನಿಂದ ಮಾತೆಲ್ಲ ಮೂರನೆಯವರ ಮೂಲಕ. "ಆ ಜ್ಯಾಕು ಬೇಕಿತ್ತು, ಕೇಳು ಅವನ್ನ" ಎಂದು ಇವನು ಗೋಡೆಗೆ ಹೇಳಬೇಕು. "ಇಲ್ಲ ಅಂತ ಹೇಳು" ಎಂದು ಅವನು ಗಾಳಿಗೆ ಹೇಳಬೇಕು.

ಜಗಳದ ಮೂಲವಾದ ಆ ಎರಡು ಗಾಡಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಜಾಗ್ವಾರು ೧೯೫೯ರ ಎಕ್ಸ್‌ಕೆ ೧೫೦, ಇಂಗ್ಲೆಂಡಿನದು. ತಂತಿ ಕಡ್ಡಿಯ ಚಕ್ರ, ಆರು ಸಿಲಿಂಡರು, ಎರಡು ಕಾರ್ಬುರೇಟರು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಬೆಂಜು ೧೯೬೩ರ ೨೨೦ ಎಸ್‌ಇ ಕೂಪೆ, ಜರ್ಮನಿಯದು. ಅದಕ್ಕೂ ಆರು ಸಿಲಿಂಡರೇ, ಆದರೆ ಕಾರ್ಬುರೇಟರಿಲ್ಲ. ಒಂದು ಪಂಪು ಪೆಟ್ರೋಲನ್ನು ಅಳೆದು ಅಳೆದು ಒಳಕ್ಕೆ ಚಿಮ್ಮಿಸುತ್ತದೆ. ಗಾಜುಗಳನ್ನೆಲ್ಲ ಇಳಿಸಿದರೆ ನಡುವೆ ಒಂದು ಕಂಬವೂ ಇಲ್ಲ, ಛತ್ರದ ಜಗಲಿ ಮೇಲೆ ಕೂತಷ್ಟು ಗಾಳಿ. ಎರಡೂ ಗ್ರ್ಯಾಂಡ್ ಟೂರಿಂಗ್ ಜಾತಿಯವು, ಅಂದರೆ ನೂರಾರು ಮೈಲಿಯ ದೂರವನ್ನು ಸುಸ್ತಿಲ್ಲದೆ, ಜೋರಾಗಿ, ಸುಖವಾಗಿ ಕ್ರಮಿಸಲೆಂದೇ ಕಟ್ಟಿದವು. ಕರಿಬಸಪ್ಪನ ಕೈಗೆ ಬಂದ ಮೇಲೆ ಅವು ಕ್ರಮಿಸಿದ ಅತಿ ದೊಡ್ಡ ದೂರ ತುಮಕೂರು, ಅವನ ಮಾವನ ಮನೆ.

"ಗಾಡಿ ಅಂದ್ರೆ ಕಾಲಿನ ಮಾತು ಕೇಳ್ಬೇಕು ಕಣ್ರೀ" ಎಂದು ಅಂಜಿನಯ್ಯ ಷೆಡ್ಡಿಗೆ ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದ. "ನಮ್ದು ಒತ್ತಿದ್ರೆ ಹಾರುತ್ತೆ, ಬಿಟ್ರೆ ನಿಲ್ಲುತ್ತೆ. ಕಾರ್ಬುರೇಟರ್ನ ನಾನು ಕಿವಿ ಇಟ್ಟು ಟ್ಯೂನ್ ಮಾಡ್ತೀನಿ. ಆ ಜರ್ಮನಿದಕ್ಕೆ ಮೆಕ್ಯಾನಿಕ್ ಬೇಡ, ಗುಮಾಸ್ತ ಸಾಕು." ಗೋಡೆಯಾಚೆಯಿಂದ ಮುನಿಯಪ್ಪನೂ ಬಿಡುತ್ತಿರಲಿಲ್ಲ: "ನಾಲ್ಕು ಜನ ಕೂತು, ಹಿಂದೆ ಟ್ರಂಕ್ ಇಟ್ಟು, ಮೈಸೂರಿಗೆ ಹೋಗಿ ಇಳಿದ್ರೆ ಪಂಚೆ ಸುಕ್ಕಾಗಿರ್ಬಾರ್ದು. ಅದು ಗಾಡಿ. ಇಬ್ರು ಕೂತು ಮೂರ್ನೇವ್ನು ಮೊಣಕಾಲಲ್ಲಿ ಗದ್ದ ಒರೆಸ್ಕೊಳ್ಳೋದೂ ಒಂದು ಗಾಡಿನಾ?"

ಒಂದು ಗುಟ್ಟು ಹೇಳಬೇಕು. ಮುನಿಯಪ್ಪ ಕಾಮಾಲೆಯಾಗಿ ಮಲಗಿದ್ದಾಗ ಒಮ್ಮೆ ಅಂಜಿನಯ್ಯ ಬೆಂಜಿನಲ್ಲಿ ಕೂತು, ಗಾಜುಗಳನ್ನೆಲ್ಲ ಇಳಿಸಿ, ಬಸವೇಶ್ವರನಗರದವರೆಗೆ ಹೋಗಿ ಬಂದಿದ್ದ. ಗಾಡಿ ಅವನಿಗೆ ಬಹಳ ಇಷ್ಟವಾಯಿತು. ಅಂದು ರಾತ್ರಿ ಊಟ ಸೇರಲಿಲ್ಲ. ಆ ಮೇಲೆ ಬೆಂಜನ್ನು ಮೊದಲಿಗಿಂತ ಎರಡು ಪಟ್ಟು ಬೈಯತೊಡಗಿದ.

೧೯೮೬ರ ಆಯುಧಪೂಜೆಗೆ ಇನ್ನು ಎಂಟು ದಿನವಿರುವಾಗ ಕರಿಬಸಪ್ಪ ಇಬ್ಬರನ್ನೂ ಮಿಲ್ಲಿನ ಆಫೀಸಿಗೆ ಕರೆಸಿದ. ಅರವತ್ತು ದಾಟಿದ ಭಾರಿ ಆಳು, ಹಣೆ ತುಂಬ ವಿಭೂತಿ, ಮಾತು ಕೊಡಲಿ ಪೆಟ್ಟು.

"ನೋಡ್ರಯ್ಯ, ಇನ್ನೊಂದು ಗರಗಸದ ಮಿಷನ್ ಬರ್ತಾ ಇದೆ. ಜಾಗ ಬೇಕು. ಒಂದು ಷೆಡ್ ಒಡೀತೀನಿ. ಒಂದು ಷೆಡ್ಡು, ಒಂದು ಗಾಡಿ, ಒಬ್ಬ ಮೆಕ್ಯಾನಿಕ್ಕು. ಅಷ್ಟೇ ಇನ್ನು."

"ಯಾವ್ದನ್ನ ಇಟ್ಕೋತೀರಿ ಯಜಮಾನ್ರೇ?" ಅಂಜಿನಯ್ಯ ಕೇಳಿದ.

"ಅದೇ ನಂಗೂ ತಿಳೀತಿಲ್ಲ. ಆಯುಧಪೂಜೆ ದಿನ ಮಿಲ್ ರಜ. ಪೂಜೆ ಮುಗಿಸ್ಕೊಂಡು ಎರಡೂ ಗಾಡಿ ತಗೊಂಡು ಬಿಡದಿವರ್ಗೂ ಹೋಗ್ಬರೋಣ. ಕೆಂಗೇರಿವರ್ಗೂ ಜಾಗ್ವಾರಲ್ಲಿ ಕೂರ್ತೀನಿ, ಅಲ್ಲಿಂದ ಮುಂದಕ್ಕೆ ಬೆಂಜಲ್ಲಿ. ಯಾವ್ದು ಚೆನ್ನಾಗಿ ಓಡುತ್ತೋ ಅದು ಇರುತ್ತೆ. ಇನ್ನೊಂದನ್ನ, ಅದರ ಮೆಕ್ಯಾನಿಕ್ಕನ್ನ ಕಳಿಸ್ತೀನಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಂಜಿನಯ್ಯನಿಗೆ ಆಗ ನಲವತ್ತೇಳು. ಕಣ್ಣಿಗೆ ಕನ್ನಡಕ ಬಂದಿತ್ತು. ಷೆಡ್ಡು ಹೋದರೆ ಇನ್ನೊಬ್ಬರ ಗ್ಯಾರೇಜಿನಲ್ಲಿ ದಿನಗೂಲಿಗೆ ನಿಲ್ಲಬೇಕು. ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಬೇರೆ: ತಾನು ಹೋಗಿ ಮುನಿಯಪ್ಪ ಉಳಿಯಬಾರದು. ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಎಂಟು ದಿನ ಅವನು ಆ ಗಾಡಿಯನ್ನು ಬಾಣಂತಿಯ ಹಾಗೆ ನೋಡಿಕೊಂಡ. ಆಯಿಲ್ ಬದಲಾಯಿಸಿದ, ಪ್ಲಗ್ಗು ತೊಳೆದ, ಚಕ್ರದ ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ ಬಿಗಿ ನೋಡಿದ. ಹಬ್ಬದ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಮಾರ್ಕೆಟ್ಟಿಗೆ ಹೋಗಿ ಮೂವತ್ತು ಮಾರು ಸೇವಂತಿಗೆ ತಂದ. ಮೂವತ್ತು ಮಾರು! ಶಿವಕ್ಕ ನೋಡಿ ಬಾಯಿ ಬಿಟ್ಟಳು.

"ಅಯ್ಯೋ, ಇಷ್ಟೊಂದು ಹೂವಾ? ಮದುವೆ ಮಂಟಪಕ್ಕೂ ಇಷ್ಟು ಹಾಕಲ್ಲ ಕಣ್ರೀ."

"ಹಾಕ್ತಾರೆ. ನಿನ್ನ ತಂಗಿ ಗಂಡ ನೋಡ್ಲಿ."

ಗಾಡಿಯ ಮೂತಿಯ ಮುಂದೆ, ಗಾಳಿ ಹೋಗುವ ಜಾಲರಿಯ ಮೇಲೆ, ಅಡ್ಡಡ್ಡ ಹನ್ನೆರಡು ಸುತ್ತು ಹೂವು ಬಂತು. ಬಂಪರಿನ ಎರಡು ಬದಿಗೆ ಎರಡೆರಡು ಬಾಳೆಕಂದು. ನಡುವೆ ಮಾವಿನ ತೋರಣ. ಜಾಗ್ವಾರಿನ ಮುಖವೇ ಕಾಣುತ್ತಿರಲಿಲ್ಲ, ಹೂವಿನ ಗುಡ್ಡ ಒಂದು ನಾಲ್ಕು ಚಕ್ರದ ಮೇಲೆ ನಿಂತಂತಿತ್ತು. ಪಕ್ಕದಲ್ಲಿ ಮುನಿಯಪ್ಪ ಬೆಂಜಿಗೆ ಎರಡು ಮಾರು ಹೂವು ಸಿಕ್ಕಿಸಿ, ಗಂಧ ಹಚ್ಚಿ, ಕೈ ಮುಗಿದಿದ್ದ. ಅಂಜಿನಯ್ಯ ಗೋಡೆಗೆ ಕೇಳಿಸುವಂತೆ, "ಜಿಪುಣ ನನ್ಮಗ, ದೇವರಿಗೂ ಕೊಸರಾಡ್ತಾನೆ" ಎಂದ. ಚಕ್ರದ ಕೆಳಗಿನ ನಿಂಬೆಹಣ್ಣು ಪಚಕ್ಕೆಂದಿತು, ಬೂದುಗುಂಬಳ ಒಡೆಯಿತು, ಹೊರಟರು. ಪೂಜೆಯ ಹೂವನ್ನು ಅಂದು ಸಂಜೆಯವರೆಗೆ ಕೀಳಬಾರದೆಂಬುದು ಆ ಭಾಗದ ಷೆಡ್ಡುಗಳಲ್ಲೆಲ್ಲ ಇದ್ದ ಪದ್ಧತಿ. ಲಾರಿ, ಆಟೋ, ಎಲ್ಲವೂ ಆ ದಿನ ಬಾಳೆಕಂದು ಅಲ್ಲಾಡಿಸಿಕೊಂಡೇ ಊರು ತಿರುಗುತ್ತಿದ್ದವು. ಆದರೆ ಅವು ಯಾವುವೂ ಪಂದ್ಯಕ್ಕೆ ಹೊರಟಿರಲಿಲ್ಲ.

ಮುಂದೆ ಜಾಗ್ವಾರು, ಅಂಜಿನಯ್ಯನ ಪಕ್ಕದಲ್ಲಿ ಕರಿಬಸಪ್ಪ. ಹಿಂದೆ ಬೆಂಜು, ಅದರ ಹಿಂದಿನ ಸೀಟಿನಲ್ಲಿ ಯಜಮಾನರ ಹೆಂಡತಿ ಜಯದೇವಿ. ವಿಜಯನಗರ ದಾಟಿ, ಆರ್‌ಪಿಸಿ ಲೇಔಟ್ ಬಳಸಿಕೊಂಡು ಮೈಸೂರು ರಸ್ತೆಗೆ ಬರುವವರೆಗೆ ಎಲ್ಲ ಸೊಗಸಾಗಿತ್ತು. ಮಕ್ಕಳು ಓಡಿ ಬಂದು ನೋಡಿದವು. ಕರಿಬಸಪ್ಪ ಖುಷಿಯಾಗಿ, "ಏನಯ್ಯಾ, ಗಾಡಿ ಹಾವಿನಂಗೆ ಹೋಗ್ತದಲ್ಲಾ!" ಎಂದ. ಅಂಜಿನಯ್ಯನ ಎದೆ ಅಗಲವಾಯಿತು. ಷೆಡ್ಡು ಉಳಿಯಿತೆಂದೇ ಅಂದುಕೊಂಡ.

ಆಮೇಲೆ ಯಜಮಾನನಿಗೆ ಭಕ್ತಿ ಬಂತು. "ಗಾಳಿ ಆಂಜನೇಯನಿಗೆ ಒಂದು ಕಾಯಿ ಒಡಿಸ್ಕೊಂಡು ಹೋಗೋಣ ಕಣಯ್ಯಾ."

ಆಯುಧಪೂಜೆಯ ದಿನ ಆ ದೇವಸ್ಥಾನದ ಮುಂದೆ ನಿಲ್ಲುವ ಗಾಡಿಗಳ ಸಾಲು ನೋಡಿದವರಿಗೆ ಗೊತ್ತು. ಬೆಂಗಳೂರಿನ ಅರ್ಧ ಲಾರಿ, ಮುಕ್ಕಾಲು ಆಟೋ ಅಲ್ಲೇ. ಇರುವೆ ಸಾಲು ಇದಕ್ಕಿಂತ ಬೇಗ ಹೋಗುತ್ತದೆ. ಮುಕ್ಕಾಲು ಗಂಟೆ ಇಂಚಿಂಚು ತೆವಳಿದರು. ಮೇಲೆ ಸುಡುವ ಬಿಸಿಲು, ಸುತ್ತ ಲಾರಿಗಳ ಹೊಗೆ. ನೀರಿನ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಏಳುತ್ತಿರುವುದನ್ನು ಅಂಜಿನಯ್ಯ ನೋಡಿದ. ಕಾರಣವೂ ಆ ಕ್ಷಣವೇ ಹೊಳೆಯಿತು, ಹೊಳೆಯದಿರಲು ಅವನೇನು ನಿನ್ನೆ ಮೊನ್ನೆಯ ಮೆಕ್ಯಾನಿಕ್ಕೇ? ರೇಡಿಯೇಟರಿಗೆ ಉಸಿರಾಡಲು ಜಾಗವೇ ಇಲ್ಲ. ತಪ್ಪು ಕಾಣಿಕೆ ಕಟ್ಟಿದರಾಯಿತು, ಹೂವು ಕಿತ್ತು ಹಾಕೋಣವೆಂದು ಇಳಿಯಲು ಬಾಗಿಲಿಗೆ ಕೈ ಹಾಕಿದ.

ಅಷ್ಟರಲ್ಲಿ ಮುನಿಯಪ್ಪ ಹಿಂದಿನ ಗಾಡಿಯಿಂದಿಳಿದು ಬಂದು ಕರಿಬಸಪ್ಪನ ಕಿಟಕಿಗೆ ಬಗ್ಗಿದ. ಅವನ ಬೆಂಜಿನ ಹೂವು ಆಗಲೇ ಡಿಕ್ಕಿ ಸೇರಿತ್ತು.

"ಯಜಮಾನ್ರೇ, ಆ ಹೂವು, ಬಾಳೆಕಂದು ತೆಗೆದ್ಬಿಡೋಕೆ ಹೇಳಿ ಅವರಿಗೆ. ಇಂಜಿನ್ನಿಗೆ ಗಾಳಿ ಹೋಗ್ತಾ ಇಲ್ಲ. ಹಿಂದಿರೋ ನಂಗೇ ಬಿಸಿ ವಾಸ್ನೆ ಹೊಡೀತಾ ಇದೆ."

ಇನ್ನು ಎರಡೇ ಎರಡು ನಿಮಿಷ ಆ ಮನುಷ್ಯ ತನ್ನ ಗಾಡಿಯಲ್ಲಿ ಕೂತಿದ್ದಿದ್ದರೆ! ಅಂಜಿನಯ್ಯನ ಕೈ ಬಾಗಿಲಿನ ಮೇಲೇ ನಿಂತಿತು. ಇವನು ಹೇಳಿದ್ದನ್ನು ಕೇಳಿ ಈಗ ತಾನು ಇಳಿದು, ಇಷ್ಟು ಜನದ ಮುಂದೆ, ಮೂವತ್ತು ಮಾರು ಹೂವನ್ನು ಒಂದೊಂದಾಗಿ ಕೀಳಬೇಕೇ? ನಾಳೆಯಿಂದ ಕಾಮಾಕ್ಷಿಪಾಳ್ಯದಲ್ಲೆಲ್ಲ ಇದೇ ಮಾತು: ಮುನಿಯಪ್ಪ ಹೇಳಿಕೊಟ್ಟ, ಅಂಜಿನಯ್ಯ ಕಲಿತುಕೊಂಡ. ಮೈಯೆಲ್ಲ ಉರಿದುಹೋಯಿತು. ಕೈಯನ್ನು ಬಾಗಿಲಿಂದ ತೆಗೆದು ಸ್ಟೀರಿಂಗಿನ ಮೇಲಿಟ್ಟ.

"ಪೂಜೆ ಹೂವು ಕೀಳ್ಬಾರ್ದು ಅನ್ನೋದು ಕೂಡ ಗೊತ್ತಿಲ್ವಂತಾ ಅವನಿಗೆ? ದೇವಸ್ಥಾನದ ಮುಂದೇನೇ ಕೀಳ್ಬೇಕಂತಾ? ಹತ್ತೊಂಬತ್ತು ವರ್ಷದಿಂದ ಈ ಗಾಡಿ ನೋಡಿರೋನು ನಾನು. ಹೇಳಿ ಯಜಮಾನ್ರೇ, ಅವನ ಗಾಡಿ ಅವನು ನೋಡ್ಕೊಳ್ಲಿ."

"ಬಿಸಿ ಆಗ್ತಾ ಇದೆಯೇನಯ್ಯಾ?" ಕರಿಬಸಪ್ಪ ಕೇಳಿದ.

"ಏನೂ ಇಲ್ಲ. ರಸ್ತೆ ಬಿಡ್ಲಿ, ತಾನೇ ತಣ್ಣಗಾಗುತ್ತೆ."

ಮುನಿಯಪ್ಪ ಕಿಟಕಿಯಿಂದ ತಲೆ ತೆಗೆದ. "ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ" ಎಂದು ಯಾರಿಗೂ ಅಲ್ಲದ ಹಾಗೆ ಗೊಣಗಿ ಹಿಂದಕ್ಕೆ ಹೋದ.

ಕಾಯಿ ಒಡೆಯಿತು, ಮಂಗಳಾರತಿ ಆಯಿತು, ಸಾಲು ಬಿಟ್ಟಿತು. ನಾಯಂಡಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಆಗಲಾದರೂ ನಿಲ್ಲಿಸಿ ಹೂವು ತೆಗೆಯಬಹುದಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬೆಂಜು, ಅದರ ಗಾಜಿನ ಹಿಂದೆ ಮುನಿಯಪ್ಪನ ಮುಖ. ನಿಲ್ಲಿಸಿದರೆ ಆ ಮುಖ ನಗುತ್ತದೆ. ಅಂಜಿನಯ್ಯ ಕಾಲು ಒತ್ತಿದ. ಜಾಗ್ವಾರು ಒಮ್ಮೆ ಗುಡುಗಿ ಮುಂದಕ್ಕೆ ನೆಗೆಯಿತು. ಬಾಳೆಕಂದುಗಳು ಹಿಂದಕ್ಕೆ ಬಾಗಿ ಲೈಟುಗಳಿಗೆ ಬಡಿದವು, ಹೂವು ಮಾತ್ರ ಅವನೇ ಕಟ್ಟಿದ ಬಿಗಿಗೆ ಒಂದೆಳೆಯೂ ಸಡಿಲವಾಗಲಿಲ್ಲ. ಕರಿಬಸಪ್ಪ ಬಾಗಿಲು ಹಿಡಿದುಕೊಂಡು, "ಭಪ್ಪರೇ!" ಎಂದ. ಅರವತ್ತು, ಎಪ್ಪತ್ತು. ನೀರಿನ ಬಿಸಿಯ ಮುಳ್ಳು ಕೊನೆಯ ಗೆರೆ ದಾಟಿತು. ಅಂಜಿನಯ್ಯ ಅದರ ಕಡೆ ನೋಡುವುದನ್ನೇ ಬಿಟ್ಟ. ಕೆಂಗೇರಿಯವರೆಗೆ ಎಳೆದುಬಿಡು ತಾಯಿ, ಅಲ್ಲಿ ಯಜಮಾನ ಇಳಿದ ಮೇಲೆ ನೀರು ಕುಡಿಸುತ್ತೇನೆ, ಎಂದು ಹಲ್ಲು ಕಚ್ಚಿ ಗೊಣಗುತ್ತಿದ್ದ.

ಕೆಂಗೇರಿಗೆ ಇನ್ನೊಂದು ಮೈಲಿ ಇರುವಾಗ ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಮೊದಲು ಸ್ವಲ್ಪ, ಆಮೇಲೆ ಮುಂದಿನ ರಸ್ತೆಯೇ ಕಾಣದಷ್ಟು. ಇಂಜಿನ್ನಿನಲ್ಲಿ ಏನೋ ಕಟಕಟ ಎಂದಿತು, ಗಾಡಿ ಸೊರಗಿತು. ಹಿಂದೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಇಂಜಿನ್ನಿನೊಳಕ್ಕೆ ನೀರು ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟು ಸುಟ್ಟು ಹೋಯಿತೆಂದು ಅಂಜಿನಯ್ಯನಿಗೆ ಇಳಿಯುವ ಮೊದಲೇ ಗೊತ್ತಾಯಿತು. ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಪಕ್ಕದ ವೃಷಭಾವತಿ ಹೊಳೆಯ ಕೊಳಚೆ ನಾತ ಮೂಗಿಗೆ ಹೊಡೆಯಿತು. ಬೆಂದ ಸೇವಂತಿಗೆಯ ವಾಸನೆ ಅದಕ್ಕಿಂತ ಜೋರಾಗಿತ್ತು.

ಕರಿಬಸಪ್ಪ ಕೆಮ್ಮುತ್ತಾ ಇಳಿದ. ಹಿಂದೆಯೇ ಬಂದು ನಿಂತ ಬೆಂಜಿನಿಂದ ಮುನಿಯಪ್ಪನೂ ಇಳಿದ. ಹಾದು ಹೋಗುತ್ತಿದ್ದ ಲಾರಿಯೊಂದು ನಿಂತು, ಅದರ ಡ್ರೈವರು ಕ್ಯಾನಿನಲ್ಲಿ ನೀರು ಹಿಡಿದು ಓಡಿ ಬಂದ. ಬಾನೆಟ್ ಎತ್ತಿ ಸುರಿಯಲು ಹೋದವನನ್ನು ಕಂಡು, "ಏಯ್, ಬೇಡ!" ಎಂದು ಅಂಜಿನಯ್ಯ, ಮುನಿಯಪ್ಪ ಇಬ್ಬರೂ ಒಟ್ಟಿಗೇ ಕೂಗಿದರು. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಇಬ್ಬರ ದನಿಯೂ ಒಂದೇ ಆದದ್ದಕ್ಕೆ ಇಬ್ಬರಿಗೂ ಅಸಹ್ಯವಾಗಿ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು. ಲಾರಿಯವನು, "ನೀವೇ ನೋಡ್ಕೊಳ್ರಪ್ಪಾ" ಎಂದು ಕ್ಯಾನ್ ಎತ್ತಿಕೊಂಡು ಹೊರಟುಹೋದ.

ಕರಿಬಸಪ್ಪ ಮುಖದ ಬೆವರು ಒರೆಸಿಕೊಂಡ. ಗಾಡಿಯ ಕಡೆ ತಿರುಗಿದ.

"ಥೂ ಇದರ! ಹಬ್ಬದ ದಿನ ನಡುರಸ್ತೇಲಿ ಮರ್ಯಾದೆ ಕಳೀತು. ಇಪ್ಪತ್ತೇಳು ವರ್ಷದ ಹಳೇ ಡಬ್ಬ, ಎಷ್ಟೂಂತ ತಡೆಯುತ್ತೆ? ನಾಳೇನೇ ಗುಜರಿಗೆ ಹಾಕ್ತೀನಿ." ಆಮೇಲೆ ಅಂಜಿನಯ್ಯನ ಸಪ್ಪೆ ಮುಖ ನೋಡಿ ದನಿ ತಗ್ಗಿಸಿದ. "ನೀನೇನು ಮಾಡ್ತೀಯ ಬಿಡಯ್ಯ. ಬಿಸಿ ಏನೂ ಇಲ್ಲ ಅಂತ ನೀನು ನೋಡೇ ಹೇಳ್ದೆ, ಆಮೇಲೂ ಗಾಡಿ ಕೆಟ್ರೆ ನಿಂದೇನು ತಪ್ಪು? ಹತ್ತೊಂಬತ್ತು ವರ್ಷ ನಿಯತ್ತಾಗಿ ದುಡಿದಿದೀಯ. ಒಬ್ಬನೇ ಮೆಕ್ಯಾನಿಕ್ಕು ಅಂದಿದ್ದೆ, ಹೋಗ್ಲಿ, ನೀನೂ ಇರು. ಬೆಂಜ್ ಷೆಡ್ಡಲ್ಲೇ ಮುನಿಯಪ್ಪನ ಜೊತೆ ಅನುಸರಿಸ್ಕೊಂಡು ಹೋಗು."

ಅಂಜಿನಯ್ಯ ಲೆಕ್ಕ ಹಾಕಿದ. ಅನ್ನ ಉಳಿದಿತ್ತು. ಸೂರು ಉಳಿದಿತ್ತು. ತುಟಿ ಬಿಗಿದು ಹೂಂ ಎಂದರೆ ಮುಗಿಯಿತು. ಮುನಿಯಪ್ಪ ಈಗ ಬಾಯಿ ಬಿಡುತ್ತಾನೆ, ದೇವಸ್ಥಾನದ ಮುಂದೆ ನಾನು ಹೇಳಿರಲಿಲ್ಲವೇ ಎನ್ನುತ್ತಾನೆ ಎಂದು ಕಾದ.

ಮುನಿಯಪ್ಪ ಬಾಯಿ ಬಿಟ್ಟ. "ಹೌದು ಯಜಮಾನ್ರೇ. ಗಾಡಿದೇ ತಪ್ಪು. ಅಣ್ಣ ಏನು ಮಾಡೋಕಾಗುತ್ತೆ, ವಯಸ್ಸಾದ ಗಾಡಿ" ಎಂದ.

ಕರಿಬಸಪ್ಪ ತಲೆಯಾಡಿಸಿದ. ಬೆಂಜಿನೊಳಗಿಂದ ಜಯದೇವಿಯೂ, "ಪಾಪ" ಎಂದಳು. ಅಂಜಿನಯ್ಯನಿಗೆ ಆ ಪಾಪ ಎಂಬ ಮಾತು, ಆ ಅಣ್ಣ ಎಂಬ ಮಾತು, ಎರಡೂ ಸೇರಿ ನೆತ್ತಿಗೆ ಹತ್ತಿದವು. ಅವನ ಹಂಗಿನ ಅನ್ನ! ಅದಕ್ಕೆ ಬೆಲೆಯಾಗಿ ಆ ಗಾಡಿಯ ಮೇಲೆ ಸುಳ್ಳು ಅಪವಾದ!

"ಮುಚ್ಚೋ ಬಾಯಿ!" ಎಂದು ಅರಚಿದ. ಏಳು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ಕರಿಬಸಪ್ಪನ ಕಡೆ ತಿರುಗಿದ. "ಗಾಡಿಗೆ ಏನೂ ಆಗಿರ್ಲಿಲ್ಲ ಯಜಮಾನ್ರೇ. ತಪ್ಪು ನಂದು. ಗಾಳಿ ಹೋಗೋ ಬಾಯಿಗೆ ಹೂವು ತುರುಕಿದೋನು ನಾನು. ಬಿಸಿ ಏರ್ತಾ ಇರೋದು ನಂಗೆ ದೇವಸ್ಥಾನದ ಹತ್ರಾನೇ ಗೊತ್ತಾಯ್ತು. ಕೀಳೋಕೆ ಅಂತ ಬಾಗ್ಲಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಇವನು ಬಂದು ಅದನ್ನೇ ಹೇಳ್ದ. ಇವನ ಮಾತು ಕೇಳ್ಬಾರ್ದು ಅಂತ ಬಿಟ್ಟೆ. ಅಷ್ಟೇ."

"ಅಂದ್ರೆ?" ಕರಿಬಸಪ್ಪನ ಕಣ್ಣು ಸಣ್ಣಗಾದವು. "ಏನೂ ಇಲ್ಲ ಅಂತ ನಂಗೆ ಹೇಳ್ದಲ್ಲಯ್ಯ. ಪಕ್ಕದಲ್ಲಿ ನನ್ನ ಕೂರಿಸ್ಕೊಂಡು, ಗೊತ್ತಿದ್ದೂ ಗೊತ್ತಿದ್ದೂ ಎಪ್ಪತ್ತರಲ್ಲಿ ಓಡಿಸ್ದಾ?"

"ಹೂಂ."

"ಬರೀ ಹಟಕ್ಕೆ?"

"ಹೂಂ."

ಕರಿಬಸಪ್ಪನ ಮುಖ ಕೆಂಪಾಯಿತು. ಹೊಡೆದೇಬಿಡುತ್ತಾನೆ ಎನಿಸಿತು, ಕೈ ಎತ್ತಿ ಇಳಿಸಿದ. "ದೀಪಾವಳಿ ಒಳಗೆ ಷೆಡ್ ಖಾಲಿ ಮಾಡು. ನಿನ್ನ ಮುಖ ಮಿಲ್ಲಿನ ಹತ್ರ ಕಾಣಿಸ್ಬಾರ್ದು." ಬೆಂಜಿನ ಕಡೆ ಎರಡು ಹೆಜ್ಜೆ ಹೋದವನು ನಿಂತು, ತಿರುಗದೆಯೇ ಕೇಳಿದ: "ರಿಪೇರಿ ಮಾಡಿದ್ರೆ ಓಡುತ್ತಾ ಅದು?"

"ಓಡುತ್ತೆ. ಹೊಸದರ ಹಾಗೆ ಓಡುತ್ತೆ. ಗುಜರಿಗೆ ಹಾಕ್ಬೇಡಿ." ಅಂಜಿನಯ್ಯ ಮುನಿಯಪ್ಪನ ಕಡೆ ಕೈ ತೋರಿಸಿದ. "ಇವನ ಕೈಗೆ ಕೊಡಿ. ಮಾಡ್ತಾನೆ. ಕೆಲ್ಸ ಗೊತ್ತಿದೆ ಈ ನನ್ಮಗನಿಗೆ."

ಕರಿಬಸಪ್ಪ ಹೋಗಿ ಬೆಂಜಿನಲ್ಲಿ ಕೂತು ಬಾಗಿಲು ಬಡಿದುಕೊಂಡ. ರಸ್ತೆ ಬದಿಯಲ್ಲಿ ಷಡ್ಡಕರಿಬ್ಬರೇ ಉಳಿದರು. ಮುನಿಯಪ್ಪ ತಲೆ ಕೆರೆದುಕೊಂಡ, ನೆಲ ನೋಡಿದ.

"ನಾನೇ ಗಾಡಿದೇ ತಪ್ಪು ಅಂತ ಹೇಳಿದ್ನಲ್ಲ ಅಣ್ಣ. ಬಾಯಿ ಮುಚ್ಕೊಂಡಿದ್ದಿದ್ರೆ ನಿನ್ನ ಕೆಲ್ಸ ಉಳೀತಿತ್ತು."

"ಉಳೀತಿತ್ತು" ಎಂದ ಅಂಜಿನಯ್ಯ. "ಆಮೇಲೆ ನೀನು ಸಾಯೋವರ್ಗೂ, ಬೆಂಜ್ ಗೆಲ್ತು, ಜಾಗ್ವಾರು ಕೈಕೊಡ್ತು ಅಂತ ಹೇಳ್ಕೊಂಡು ತಿರುಗ್ತಿದ್ದೆ. ಅದು ಸೋತಿಲ್ಲ ಕಣೋ. ಸೋತೋನು ನಾನು. ಹಂಗಂತ್ಲೇ ಹೇಳ್ಕೋ ಹೋಗು."

ಮುನಿಯಪ್ಪ ಏನೋ ಹೇಳಲು ಹೋದ. ಅಂಜಿನಯ್ಯ ಅದನ್ನು ಕೇಳಿಸಿಕೊಳ್ಳಲು ನಿಲ್ಲದೆ ಕೆಂಗೇರಿಯ ಬಸ್‌ಸ್ಟಾಪಿನ ಕಡೆಗೆ ಹೊರಟ.